ಕೀಲಿಕೈ ಮಾಡದಲ್ಲೇ ಇದೆ

ಶಹಾಬಾದಿನ ಕಲ್ಲು ಪಾಲಿಶ್ ಮಾಡುವ ಘಟಕವಿರಲಿ, ಚಿಂಚೋಳಿ ಕಡೆಯ ತೊಗರಿಬೇಳೆ ಮಿಲ್ಲಿರಲಿ, ಸೇಡಂ, ಚಿತ್ತಾಪುರದ ಆನ್‌ಲೈನ್ ಅಂಗಡಿಯಿರಲಿ, ಸಣ್ಣ ಆಫೀಸೆಂದರೆ ಕಂಪ್ಯೂಟರ್ ಒಂದು, ಅದರ ಮುಂದೆ ಕೂರುವವರು ಮೂರ್ನಾಲ್ಕು ಮಂದಿ. ವಾಡಿಯ ಸಿಮೆಂಟ್ ಕಾರ್ಖಾನೆಗೆ ಲಾರಿ ಬಿಡುವವರ ಬಿಲ್ಲು, ಕಲ್ಲಿನ ದರಪಟ್ಟಿ, ಬ್ಯಾಂಕಿನ ಪತ್ರ ಎಲ್ಲವೂ ಒಂದೇ ಇ-ಮೇಲ್‌ನಲ್ಲಿ. ಅಲ್ಲಿ ಮೇಲ್ ಪ್ರೋಗ್ರಾಮು ಒಮ್ಮೆ ಕೇಳುತ್ತದೆ: ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ? ನಾವು ಓದದೆಯೇ ಹೂಂ ಅನ್ನುತ್ತೇವೆ.

ನೆನಪಿಟ್ಟುಕೊಳ್ಳುವುದು ಅದಕ್ಕೆ ಯಾಕೆ ಬೇಕು? ಥಂಡರ್‌ಬರ್ಡ್‌ನಂಥ ಪ್ರೋಗ್ರಾಮು ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಸರ್ವರನ್ನು ವಿಚಾರಿಸುತ್ತದೆ, ಹೊಸ ಮೇಲ್ ಬಂದಿದೆಯೇ ಅಂತ. ಹೊಸದಾಗಿ ಸಂಪರ್ಕ ಕೂಡಿದಾಗೆಲ್ಲ ಪಾಸ್‌ವರ್ಡ್ ಒಪ್ಪಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಸರಿಯಾಗಿ ಕಟ್ಟಿದ ಸರ್ವರು ನಿಮ್ಮ ಪಾಸ್‌ವರ್ಡನ್ನು ಇಟ್ಟುಕೊಳ್ಳುವುದೇ ಇಲ್ಲ. ಗಣಿತದಿಂದ ಹಿಂದಕ್ಕೆ ತಿರುಗಿಸಲಾಗದ ಹಾಗೆ ಬದಲಿಸಿದ ಅಕ್ಷರಸಾಲೊಂದನ್ನು, ಅಂದರೆ ಹ್ಯಾಶನ್ನು, ಇಟ್ಟುಕೊಂಡು ಹೋಲಿಸಿ ನೋಡುತ್ತದೆ. ಮೇಲ್ ಪ್ರೋಗ್ರಾಮಿಗೆ ಆ ಅನುಕೂಲವಿಲ್ಲ. ಅದು ಮೂಲ ಪಾಸ್‌ವರ್ಡನ್ನೇ ಕಳಿಸಬೇಕು. ಹಾಗಾಗಿ ಎಷ್ಟೇ ಗೂಢಲಿಪಿಯಲ್ಲಿ ಬರೆದಿಟ್ಟರೂ ಬೇಕೆಂದಾಗ ಬಿಡಿಸಿಕೊಳ್ಳುವಂತೆ ಇಡಲೇಬೇಕು.

ಥಂಡರ್‌ಬರ್ಡ್ ಅದನ್ನು ಲಾಗಿನ್ಸ್ ಡಾಟ್ ಜೇಸನ್ ಎಂಬ ಕಡತದಲ್ಲಿ ಗೂಢಲಿಪಿ ಮಾಡಿ ಇಡುತ್ತದೆ. ಬಿಡಿಸುವ ಕೀಲಿ ಕೀ4 ಡಾಟ್ ಡಿಬಿ ಎಂಬ ಇನ್ನೊಂದು ಕಡತದಲ್ಲಿ, ಅದೇ ಫೋಲ್ಡರಿನಲ್ಲಿ. ಮನೆಗೆ ಕೀಲಿ ಜಡಿದು ಕೀಲಿಕೈಯನ್ನು ಪಕ್ಕದ ಮಾಡದಲ್ಲಿಟ್ಟು ಊರಿಗೆ ಹೋದ ಹಾಗೆ. ಎರಡೂ ಕಡತವನ್ನು ಪೆನ್‌ಡ್ರೈವಿಗೆ ಹಾಕಿಕೊಂಡವನಿಗೆ ಬೇರೇನೂ ಬೇಕಿಲ್ಲ. ಇದನ್ನು ತಡೆಯಲೆಂದೇ ಪ್ರೈಮರಿ ಪಾಸ್‌ವರ್ಡ್ ಇದೆ: ಅದನ್ನು ಹಾಕಿದರೆ ಕೀಲಿಯೇ ಗೂಢವಾಗುತ್ತದೆ, ಪ್ರೋಗ್ರಾಮು ತೆರೆದಾಗ ಒಮ್ಮೆ ಕೇಳುತ್ತದೆ. ಮರೆತರೆ ಮಾತ್ರ ಗತಿಯಿಲ್ಲ. ರಿಸೆಟ್ ಮಾಡಿದರೆ ಉಳಿಸಿದ್ದೆಲ್ಲ ಅಳಿಯುತ್ತದೆ. ಇಷ್ಟು ಒಳ್ಳೆಯ ಸೌಲಭ್ಯವನ್ನು ಸೆಟ್ಟಿಂಗ್ಸಿನ ಮೂಲೆಯಲ್ಲಿ ಬಚ್ಚಿಟ್ಟವರ ಬುದ್ಧಿಗೆ ಏನನ್ನಬೇಕೋ!

ಔಟ್‌ಲುಕ್ ದಾರಿ ಬೇರೆ. ಅದು ಪಾಸ್‌ವರ್ಡ್ ಕಾಯುವುದನ್ನು ವಿಂಡೋಸಿಗೇ ಒಪ್ಪಿಸುತ್ತದೆ. ಅಲ್ಲಿಯ ಗೂಢಲಿಪಿ ವಿಂಡೋಸ್ ಬಳಕೆದಾರನ ಲಾಗಿನ್‌ಗೆ ಕಟ್ಟಿಕೊಂಡಿರುತ್ತದೆ. ಆದರೆ ಮೂರು ಜನ ಒಂದೇ ಲಾಗಿನ್‌ನಲ್ಲಿ ಕೂತರೆ ವಿಂಡೋಸಿನ ಲೆಕ್ಕದಲ್ಲಿ ಮೂವರೂ ಒಬ್ಬರೇ. ಆಳಿಗೊಂದು ಲಾಗಿನ್ ಮಾಡಿಕೊಡುವುದಕ್ಕೆ ಖರ್ಚೇನೂ ಇಲ್ಲ.

ಉಳಿಸುವುದೇ ಬೇಡವೆಂದರೆ ಥಂಡರ್‌ಬರ್ಡಿನ ಕಾನ್ಫಿಗ್ ಎಡಿಟರಿನಲ್ಲಿ ಸೈನಾನ್ ಡಾಟ್ ರಿಮೆಂಬರ್ ಸೈನಾನ್ಸ್ ಎಂಬುದನ್ನು ಫಾಲ್ಸ್ ಮಾಡಬೇಕು. ಆಮೇಲೆ ಪ್ರೋಗ್ರಾಮು ತೆರೆದಾಗ ಪಾಸ್‌ವರ್ಡ್ ಕೇಳಿ, ಮುಚ್ಚುವವರೆಗೆ ಮೆಮೊರಿಯಲ್ಲಷ್ಟೇ ಹಿಡಿದಿರುತ್ತದೆ. ಆದರೆ ಇದು ಮುಂದಿನದಕ್ಕೆ ಮಾತ್ರ ತಡೆ. ಮೊದಲೇ ಉಳಿಸಿದ್ದನ್ನು ಸೇವ್ಡ್ ಪಾಸ್‌ವರ್ಡ್ಸ್ ಪಟ್ಟಿಗೆ ಹೋಗಿ ಕೈಯಾರೆ ಅಳಿಸಬೇಕು. ಬಹುತೇಕರು ಎಡವುವುದು ಇಲ್ಲೇ.

2022ರ ಮೇ 30ರಿಂದ ಗೂಗಲ್ ಈ ಆಟವನ್ನೇ ಬದಲಿಸತೊಡಗಿತು. ಖಾತೆಯ ಮಾಮೂಲಿ ಪಾಸ್‌ವರ್ಡನ್ನು ಮೇಲ್ ಪ್ರೋಗ್ರಾಮಿಗೆ ಕೊಟ್ಟು ಜಿಮೇಲ್ ತೆರೆಯುವುದು ನಿಂತಿತು. ಈಗ ಗೂಗಲ್‌ನ ಪುಟದಲ್ಲೇ ಪಾಸ್‌ವರ್ಡ್ ಹಾಕಿದರೆ ಪ್ರೋಗ್ರಾಮಿಗೆ ಸಿಗುವುದು ಟೋಕನ್ ಎಂಬ ಪರವಾನಗಿ ಮಾತ್ರ. ಉಳಿಯುವುದೂ ಅದೇ. ಕದ್ದವನಿಗೆ ಮೇಲ್ ಸಿಕ್ಕೀತು, ಪಾಸ್‌ವರ್ಡ್ ಸಿಗದು. ಗುಮಾಸ್ತರೊಬ್ಬರು ಕೆಲಸ ಬಿಟ್ಟಾಗ ಅವರ ಲ್ಯಾಪ್‌ಟಾಪಿನಲ್ಲಿ ಆಫೀಸಿನ ಜಿಮೇಲ್ ಉಳಿದಿದ್ದರೆ, ಲ್ಯಾಪ್‌ಟಾಪನ್ನು ತರಿಸಿಕೊಳ್ಳಬೇಕಿಲ್ಲ: ಗೂಗಲ್ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಮೇಲ್ ಓದುವ ಆ ಟೋಕನ್ ಅಲ್ಲಿಗೇ ರದ್ದಾಗುತ್ತದೆ.