ಮೂರು ವೈರಿನ ಕೆಲಸಕ್ಕೆ ಒಂದೇ ಕೇಬಲ್

ಹಳೆಯ ಡಿವಿಡಿ ಪ್ಲೇಯರನ್ನು ಟಿವಿಗೆ ಜೋಡಿಸಲು ಹಳದಿ, ಬಿಳಿ, ಕೆಂಪು ವೈರುಗಳು ಬೇಕಿದ್ದವು. ಈಗ ಒಂದೇ ಎಚ್‌ಡಿಎಂಐ ಕೇಬಲ್ ಸಾಕು. ಹೇಗೆ?

ಹಳದಿ ವೈರಿನಲ್ಲಿ ಚಿತ್ರ, ಬಿಳಿಯದರಲ್ಲಿ ಎಡಗಡೆಯ ಧ್ವನಿ, ಕೆಂಪಿನದರಲ್ಲಿ ಬಲಗಡೆಯ ಧ್ವನಿ ಏರಿಳಿಯುವ ವಿದ್ಯುತ್ತಾಗಿ ಹರಿಯುತ್ತವೆ. ಚಿತ್ರದ ಬೆಳಕು, ಬಣ್ಣ ಎರಡೂ ಹಳದಿ ವೈರಿನಲ್ಲೇ ಬೆರೆತಿರುತ್ತವೆ. ಅಕ್ಕಿ, ರಾಗಿ ಎರಡನ್ನೂ ಒಂದೇ ಚೀಲಕ್ಕೆ ಸುರಿದು ಕಳಿಸಿದ ಹಾಗೆ. ಟಿವಿ ಅವನ್ನು ಬೇರ್ಪಡಿಸುವಾಗ ಒಂದಿಷ್ಟು ಕಾಳು ಆಚೀಚೆ ಆಗುತ್ತದೆ. ಅಕ್ಷರಗಳ ಅಂಚಿನಲ್ಲಿ ಬಣ್ಣ ಕದಡಿದಂತೆ ಕಾಣುವುದು ಅದಕ್ಕೇ.

ಎಚ್‌ಡಿಎಂಐ ಪ್ಲಗ್ಗಿನ ಬಾಯೊಳಗೆ ಇಣುಕಿ ನೋಡಿ: 19 ಪುಟ್ಟ ಪಿನ್ನುಗಳಿವೆ. ಹೊರಗೆ ಒಂದೇ ಕೇಬಲ್, ಒಳಗೆ ಹಲವು ತಂತಿ. ಚಿತ್ರವೂ ಧ್ವನಿಯೂ ಸೊನ್ನೆ, ಒಂದುಗಳ ಅಂಕಿಗಳಾಗಿ ಸಾಗುತ್ತವೆ. ಚಿತ್ರದ ಸಾಲುಗಳ ನಡುವಿನ ಬಿಡುವಿನಲ್ಲಿ ಧ್ವನಿಯ ಅಂಕಿಗಳು ಹೋಗುತ್ತವೆ. ಪ್ರತಿ ಧಾನ್ಯಕ್ಕೂ ಅದರದೇ ಪೊಟ್ಟಣ. ಬೆರೆಯುವ ಮಾತೇ ಇಲ್ಲ.