ಕೆಲಸದ ವೇಳೆಯಲ್ಲಿ ಎದೆಹಾಲು

ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ತಾಯಿಗೆ ಮಧ್ಯಾಹ್ನದ ಹೊತ್ತಿಗೆ ಎದೆ ಬಿಗಿದು ನೋಯುವುದೇಕೆ?

ಮಗು ಚೀಪಿದಾಗ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಪ್ರೊಲ್ಯಾಕ್ಟಿನ್‌ನಿಂದ ಹಾಲು ಉತ್ಪತ್ತಿಯಾಗುತ್ತದೆ; ಆಕ್ಸಿಟೋಸಿನ್ ಅದನ್ನು ಹೊರಹರಿಸುತ್ತದೆ. ಮಗು ಮನೆಯಲ್ಲಿ ಉಳಿದರೂ ಹಾಲು ಊರುತ್ತಲೇ ಇರುತ್ತದೆ. ಅದನ್ನು ತೆಗೆಯದಿದ್ದರೆ ಬಾವು ಬರಬಹುದು. ದಿನ ಕಳೆದಂತೆ ಹಾಲೇ ಕಡಿಮೆಯಾಗುತ್ತದೆ. ಆದ್ದರಿಂದ ಸುಮಾರು ಮೂರು ಗಂಟೆಗೊಮ್ಮೆ ಕೈಯಿಂದ ಅಥವಾ ಪಂಪಿನಿಂದ ಹಾಲು ಹಿಂಡಿ ತೆಗೆಯಬೇಕು.

ಕೈ ತೊಳೆದು, ಮುಚ್ಚಳವಿರುವ ಶುಚಿಯಾದ ಪಾತ್ರೆಯಲ್ಲಿ ಹಿಡಿದ ಹಾಲನ್ನು 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ ಇಡಬಹುದು. ಕುಡಿಸುವಾಗ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಬೇಕು; ಕುದಿಸಬಾರದು.

ಸಂಕೋಚ, ಆತಂಕಗಳು ಆಕ್ಸಿಟೋಸಿನ್‌ಗೆ ಅಡ್ಡಿ. ಹಾಗಾಗಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಬೇಕು. ಶೌಚಾಲಯ ಅದಕ್ಕೆ ತಕ್ಕ ಸ್ಥಳವಲ್ಲ.

1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಮಕ್ಕಳ ಹೆರಿಗೆಗೆ 26 ವಾರಗಳ ರಜೆ ನೀಡಿತು; 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. ಆದರೆ ಹಾಲು ಹಿಂಡುವ ಕೋಣೆಯ ಮಾತು ಅದರಲ್ಲಿರಲಿಲ್ಲ. ನಾಳೆ ಕಚೇರಿ, ಕಾರ್ಖಾನೆಗಳನ್ನು ನಡೆಸುವವರು ನೀವು. ಒಂದು ಕುರ್ಚಿ, ಒಂದು ಚಿಲಕ, ಇಪ್ಪತ್ತು ನಿಮಿಷಗಳ ಬಿಡುವು: ಇಷ್ಟನ್ನು ಒದಗಿಸುವುದು ಕಷ್ಟವೇ?