ನಿಮ್ಮ ಸಂಸದರು ಕೇಳಿದ ಪ್ರಶ್ನೆ ಓದಿದ್ದೀರಾ?

ಎಂಜಿನಿಯರಿಂಗ್ ಓದುವವರಿಗೆ ಶೇ 85 ಎಂಬ ಅಂಕಿ ಕನಸಿನಲ್ಲೂ ಬಿಡುವುದಿಲ್ಲ. ಹಾಜರಿ ಅಷ್ಟಿಲ್ಲದಿದ್ದರೆ ಪ್ರಿನ್ಸಿಪಾಲರ ಕೊಠಡಿ ಮುಂದೆ ಅರ್ಜಿ ಹಿಡಿದು ನಿಲ್ಲಬೇಕು. ಹಾಗಾದರೆ ನಾವು ಆರಿಸಿ ಕಳಿಸಿದ ಸಂಸದರಿಗೆ? ಸಂವಿಧಾನದ 101ನೇ ವಿಧಿಯ ಪ್ರಕಾರ, ಸದನದ ಅನುಮತಿಯಿಲ್ಲದೆ 60 ದಿನ ಎಲ್ಲ ಸಭೆಗಳಿಗೂ ಗೈರಾದ ಸದಸ್ಯರ ಸ್ಥಾನ ತೆರವಾಗಿದೆ ಎಂದು ಸದನ ಘೋಷಿಸಬಹುದು. ಗಮನಿಸಿ, ‘ಬಹುದು’ ಅಷ್ಟೇ. ಒಂದು ಅಧಿವೇಶನ ಮುಗಿದು ಇನ್ನೊಂದು ಶುರುವಾಗುವವರೆಗಿನ ದಿನಗಳು ಆ 60ರ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಕ್ಯಾಂಟೀನಿನಲ್ಲಿ ಹೇಳಿ ನಕ್ಕುಬಿಡುವುದು ಸುಲಭ. ಆದರೆ ಸಂಸದರ ಕೆಲಸವನ್ನು ಅಳೆಯಲು ನಮ್ಮಲ್ಲಿ ಇರುವ ಅಳತೆಗೋಲು ಯಾವುದು? ಚುನಾವಣೆ ಹತ್ತಿರ ಬಂದಾಗ ವಾಟ್ಸ್‌ಆ್ಯಪ್‌ನಲ್ಲಿ ಸಂಸದರ ‘ಮಾರ್ಕ್ಸ್ ಕಾರ್ಡ್’ ಹರಿದಾಡುತ್ತದೆ. ಹಾಜರಿ ಇಷ್ಟು, ಪ್ರಶ್ನೆ ಇಷ್ಟು, ಚರ್ಚೆ ಇಷ್ಟು, ಖಾಸಗಿ ಮಸೂದೆ ಇಷ್ಟು. ಕೆಳಗೊಂದು ಕೆಂಪು ಅಕ್ಷರದ ತೀರ್ಪು: ಪಾಸ್ ಅಥವಾ ಫೇಲ್. ಇದರ ಬಹುಪಾಲು ಅಂಕಿಗಳ ಮೂಲ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಎಂಬ ಸಂಸ್ಥೆ. 2005ರಲ್ಲಿ ಆರಂಭವಾದ ಈ ಸಂಸ್ಥೆ ಸಂಸತ್ತಿನ ದಾಖಲೆಗಳನ್ನೇ ಜೋಡಿಸಿ ಪ್ರತಿ ಸದಸ್ಯರ ಚಟುವಟಿಕೆಯನ್ನು ಎಲ್ಲರಿಗೂ ಉಚಿತವಾಗಿ ತೋರಿಸುತ್ತದೆ. ಅಂಕಿಗಳೇನೋ ಸರಿ. ಅವುಗಳನ್ನು ಓದುವ ನಮ್ಮ ರೀತಿಯೇ ಸರಿಯಿಲ್ಲ ಎನ್ನುವುದು, ಕಳೆದ ಕೆಲವು ತಿಂಗಳಿಂದ ನಮ್ಮ ಕ್ಷೇತ್ರದ ಸಂಸದರ ದಾಖಲೆಯನ್ನು ಒಂದು ಸ್ಪ್ರೆಡ್‌ಶೀಟಿಗೆ ಇಳಿಸುತ್ತಾ ಬಂದಾಗ ನನಗೆ ಅನ್ನಿಸಿದ್ದು.

ಸೊನ್ನೆಗೂ ಅರ್ಥವಿದೆ

ಲ್ಯಾಬಿನಲ್ಲಿ ನಮಗೆ ಮೊದಲು ಕಲಿಸುವುದು, ರೀಡಿಂಗ್ ಬರೆದುಕೊಳ್ಳುವ ಮುಂಚೆ ಮೀಟರ್ ಏನನ್ನು ಅಳೆಯುತ್ತಿದೆ ಎಂದು ತಿಳಿದುಕೊಳ್ಳಿ ಎಂದು. ಹಾಜರಿಯ ಅಂಕಣಕ್ಕೂ ಇದು ಅನ್ವಯಿಸುತ್ತದೆ. ಸಂಸದರು ಆ ದಿನ ಬಂದರೇ ಎಂಬುದನ್ನು ಅದು ಹೇಳುತ್ತದೆಯೇ ಹೊರತು ಎಷ್ಟು ಹೊತ್ತು ಕುಳಿತರು, ಏನು ಮಾಡಿದರು ಎಂಬುದನ್ನಲ್ಲ. ಸಚಿವರಾದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಿಲ್ಲ. ಅವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುತ್ತಾರೆ. ಹಾಗಾಗಿ ಸಚಿವರ ಹೆಸರಿನ ಮುಂದೆ ಅಂಕಣ ಖಾಲಿ ಇರುತ್ತದೆ. ಆ ಖಾಲಿ ಜಾಗವನ್ನು ‘ಸೊನ್ನೆ’ ಎಂದು ಓದಿ ಪೋಸ್ಟರ್ ಮಾಡಿದರೆ ಅದು ಸುಳ್ಳು.

ಇನ್ನೊಂದು ಉದಾಹರಣೆ 2023ರ ಚಳಿಗಾಲದ ಅಧಿವೇಶನ. ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹ ಸಚಿವರ ಹೇಳಿಕೆಗೆ ಪಟ್ಟು ಹಿಡಿದ ವಿರೋಧ ಪಕ್ಷಗಳ ಸದಸ್ಯರನ್ನು ಸಾಲು ಸಾಲಾಗಿ ಅಮಾನತು ಮಾಡಲಾಯಿತು. ಎರಡೂ ಸದನ ಸೇರಿ ಆ ಸಂಖ್ಯೆ 146. ಅಮಾನತಾದವರು ಒಳಗೆ ಬರುವಂತಿಲ್ಲ. ಅವರ ವರ್ತನೆ ಸರಿಯೋ ತಪ್ಪೋ ಎಂಬ ವಾದ ಬೇರೆ. ಆದರೆ ಊರಲ್ಲಿ ಮದುವೆ ಮನೆ ಸುತ್ತುತ್ತಾ ಗೈರಾದವರಿಗೂ, ಬಾಗಿಲ ಹೊರಗೆ ಧರಣಿ ಕುಳಿತವರಿಗೂ ಇರುವ ವ್ಯತ್ಯಾಸವನ್ನು ಒಂದು ಶೇಕಡಾವಾರು ಅಂಕಿ ಹೇಳುವುದಿಲ್ಲ.

ಒಟ್ಟು ಎಷ್ಟರಲ್ಲಿ ಎಷ್ಟು ಎಂಬುದೂ ಮುಖ್ಯ. 2019ರಿಂದ 2024ರವರೆಗಿನ 17ನೇ ಲೋಕಸಭೆ ಐದು ವರ್ಷದಲ್ಲಿ ಸೇರಿದ್ದು 274 ದಿನ. ಅಂದರೆ ವರ್ಷಕ್ಕೆ ಸರಾಸರಿ 55 ದಿನ. ನಮ್ಮ ಒಂದು ಸೆಮಿಸ್ಟರಿನ ತರಗತಿಗಳು ಇದಕ್ಕಿಂತ ಹೆಚ್ಚು ದಿನ ನಡೆಯುತ್ತವೆ!

ಮತ ಎಲ್ಲಿದೆ?

ಶಾಸಕರ ಕೆಲಸ ಶಾಸನ ಮಾಡುವುದು. ಹಾಗಿದ್ದರೆ ಮಾರ್ಕ್ಸ್ ಕಾರ್ಡಿನಲ್ಲಿ ಮೊದಲು ಇರಬೇಕಾದ ಅಂಕಣ ‘ಯಾವ ಮಸೂದೆಗೆ ಏನೆಂದು ಮತ ಹಾಕಿದರು’ ಎಂಬುದಲ್ಲವೇ? ಅಮೆರಿಕದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನಲ್ಲಿ 1973ರಿಂದ ಎಲೆಕ್ಟ್ರಾನಿಕ್ ಮತದಾನವಿದೆ. ಅಲ್ಲಿನ ಸದಸ್ಯರ ಮತಗಳನ್ನು ವರ್ಷಗಳ ಹಿಂದಕ್ಕೂ ಹೋಗಿ ಹುಡುಕಬಹುದು. ನಮ್ಮಲ್ಲಿ ಆ ಅಂಕಣ ಹುಡುಕಲು ಹೊರಟರೆ ಕೈಗೆ ಸಿಗುವುದು ತೀರಾ ಕಡಿಮೆ.

ಕಾರಣ ಧ್ವನಿಮತ. ಸ್ಪೀಕರ್ ‘ಪರವಾಗಿರುವವರು ಹೌದು ಎನ್ನಿ’ ಎನ್ನುತ್ತಾರೆ, ನಂತರ ‘ವಿರುದ್ಧವಾಗಿರುವವರು ಇಲ್ಲ ಎನ್ನಿ’ ಎನ್ನುತ್ತಾರೆ. ಯಾವ ದನಿ ಜೋರೋ ಅದು ಗೆದ್ದಿತು. ಯಾರು ಯಾವ ಕಡೆ ಕೂಗಿದರು, ಯಾರು ಬಾಯಿ ಮುಚ್ಚಿ ಕುಳಿತಿದ್ದರು ಎಂಬ ದಾಖಲೆ ಉಳಿಯುವುದಿಲ್ಲ. ಬಹುತೇಕ ಸಾಮಾನ್ಯ ಮಸೂದೆಗಳು ಪಾಸಾಗುವುದು ಹೀಗೆಯೇ. ಸದಸ್ಯರು ಪ್ರಶ್ನಿಸಿದರೆ ಮತ ವಿಭಜನೆ ಮಾಡಬೇಕಾಗುತ್ತದೆ. ಆಗ ಹಸಿರು, ಕೆಂಪು, ಹಳದಿ ಗುಂಡಿಗಳು. ಪರ, ವಿರುದ್ಧ, ತಟಸ್ಥ ಎಂದು ಪ್ರತಿಯೊಬ್ಬರ ಹೆಸರೂ ದಾಖಲಾಗುತ್ತದೆ.

2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಬಂದಾಗ ವಿರೋಧ ಪಕ್ಷಗಳು ಮತ ವಿಭಜನೆಗೆ ಒತ್ತಾಯಿಸಿದವು. ಗದ್ದಲದ ನಡುವೆ ಧ್ವನಿಮತದಿಂದಲೇ ಮಸೂದೆಗಳು ಅಂಗೀಕಾರವಾದವು. ಆಮೇಲೆ ವರ್ಷದವರೆಗೆ ದೆಹಲಿಯ ಗಡಿಯಲ್ಲಿ ರೈತರು ಕುಳಿತರು, 2021ರ ನವೆಂಬರಿನಲ್ಲಿ ಕಾಯ್ದೆಗಳು ರದ್ದಾದವು. ದೇಶವನ್ನು ಇಷ್ಟು ಅಲುಗಾಡಿಸಿದ ವಿಷಯದಲ್ಲಿ ಯಾವ ರಾಜ್ಯಸಭಾ ಸದಸ್ಯರ ಮತ ಯಾವ ಕಡೆ ಎಂದು ಹೆಸರು ಹೆಸರಾಗಿ ತೋರಿಸುವ ಪಟ್ಟಿ ನಮಗಿಲ್ಲ.

ಸಂವಿಧಾನ ತಿದ್ದುಪಡಿಯಲ್ಲಿ ಮಾತ್ರ ಈ ತಪ್ಪಿಸಿಕೊಳ್ಳುವಿಕೆ ಸಾಧ್ಯವಿಲ್ಲ. ವಿಶೇಷ ಬಹುಮತ ಬೇಕಾದ್ದರಿಂದ ತಲೆ ಎಣಿಸಲೇಬೇಕು. 2023ರ ಸೆಪ್ಟೆಂಬರ್ 20ರಂದು ಮಹಿಳಾ ಮೀಸಲಾತಿ ಮಸೂದೆಗೆ ಲೋಕಸಭೆಯಲ್ಲಿ 454 ಮತ ಪರ, 2 ಮತ ವಿರುದ್ಧ ಬಿದ್ದವು. ಆ ಇಬ್ಬರು ಯಾರೆಂದು ದೇಶಕ್ಕೆ ಗೊತ್ತು. ತಾವು ಯಾಕೆ ವಿರೋಧಿಸಿದೆವು ಎಂದು ಅವರು ವಿವರಣೆಯನ್ನೂ ಕೊಟ್ಟರು. ಹೆಸರು ದಾಖಲಾದರೆ ಆಗುವ ಲಾಭ ಇದೇ. ಮತ ಹಾಕಿದವರು ಕಾರಣ ಹೇಳಬೇಕಾಗುತ್ತದೆ.

ವಿಪ್ ಎಂಬ ಬೀಗ

ಸರಿ, ಎಲ್ಲ ಮತಗಳೂ ದಾಖಲಾದವು ಎಂದುಕೊಳ್ಳೋಣ. ಆಗ ಸಂಸದರ ಮನಸ್ಸು ತಿಳಿಯುತ್ತದೆಯೇ? ಅಲ್ಲಿಯೂ ಒಂದು ತೊಡಕಿದೆ. 1985ರ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 10ನೇ ಷೆಡ್ಯೂಲ್ ಸೇರಿತು. ಅದೇ ಪಕ್ಷಾಂತರ ನಿಷೇಧ ಕಾಯ್ದೆ. ಪಕ್ಷ ವಿಪ್ ಕೊಟ್ಟ ಮೇಲೆ ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಅಥವಾ ಮತದಾನದಿಂದ ದೂರ ಉಳಿದರೆ, ಪಕ್ಷ 15 ದಿನದಲ್ಲಿ ಕ್ಷಮಿಸದಿದ್ದಲ್ಲಿ ಸದಸ್ಯತ್ವವೇ ಹೋಗಬಹುದು.

ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2019ರ ಜುಲೈ 23ರ ಸಂಜೆ ವಿಧಾನಸಭೆಯಲ್ಲಿ ಎಚ್.ಡಿ. ಕುಮಾರಸ್ವಾಮಿ ಅವರ ವಿಶ್ವಾಸಮತದ ಪರ 99, ವಿರುದ್ಧ 105 ಮತ ಬಿದ್ದಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದವರೇ. ಮೈತ್ರಿ ಸರ್ಕಾರ ಬಿತ್ತು, 17 ಶಾಸಕರು ಅನರ್ಹರಾದರು, ‘ಅನರ್ಹರು’ ಎಂಬ ಪದವೇ ನಮ್ಮ ಮನೆಮಾತಾಯಿತು. ಹಣ, ಅಧಿಕಾರದ ಆಸೆಗೆ ಪಕ್ಷ ಬದಲಿಸುವುದನ್ನು ತಡೆಯಲು ಕಾಯ್ದೆ ಬೇಕೇ ಬೇಕು. ಆದರೆ ಅದೇ ಬೀಗ ಸಾಮಾನ್ಯ ಮಸೂದೆಗೂ ಬಿದ್ದಾಗ ಸಂಸದರ ಮತ ಪಕ್ಷದ ಮತವಾಗುತ್ತದೆ. ಅದನ್ನು ಟ್ರ್ಯಾಕ್ ಮಾಡಿದರೆ ನಮಗೆ ತಿಳಿಯುವುದು ಪಕ್ಷದ ನಿಲುವು. ಅದು ತಿಳಿಯುವುದೂ ಅಗತ್ಯವೇ. ಆದರೆ ನಮ್ಮ ಕ್ಷೇತ್ರದಿಂದ ಹೋದ ಆ ಒಬ್ಬ ವ್ಯಕ್ತಿ ಏನು ಯೋಚಿಸುತ್ತಾರೆ ಎಂಬುದು ಅಲ್ಲಿ ಸಿಗುವುದಿಲ್ಲ.

ಪ್ರಶ್ನೆಗೆ ಬೀಗವಿಲ್ಲ

ಹಾಗಾದರೆ ಎಲ್ಲಿ ಸಿಗುತ್ತದೆ? ಪ್ರಶ್ನೆಗಳಲ್ಲಿ. ಯಾವ ಪ್ರಶ್ನೆ ಕೇಳಬೇಕು ಎಂಬುದಕ್ಕೆ 10ನೇ ಷೆಡ್ಯೂಲ್ ಅನ್ವಯಿಸುವುದಿಲ್ಲ. ಆಡಳಿತ ಪಕ್ಷದವರೂ ತಮ್ಮದೇ ಸರ್ಕಾರದ ಸಚಿವರನ್ನು ಲಿಖಿತವಾಗಿ ಕೇಳಬಹುದು, ಸಚಿವಾಲಯ ಲಿಖಿತವಾಗಿ ಉತ್ತರಿಸಬೇಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಮೊದಲನೆಯದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಉಪಪ್ರಶ್ನೆಯನ್ನೂ ಎದುರಿಸಬೇಕು. ಎರಡನೆಯದಕ್ಕೆ ಬರೆದ ಉತ್ತರ ಸಾಕು. ಒಬ್ಬ ಸದಸ್ಯ ಒಂದು ದಿನಕ್ಕೆ ಐದು ನೋಟಿಸ್ ಕೊಡಬಹುದು. ಯಾವುದು ಪಟ್ಟಿಗೆ ಬರುತ್ತದೆ ಎಂಬುದನ್ನು ಲಾಟರಿ ನಿರ್ಧರಿಸುತ್ತದೆ.

ಹಾಗಾಗಿ ಇಲ್ಲಿಯೂ ಬರೀ ಎಣಿಕೆ ಸಾಲದು. ಸಂಖ್ಯೆಯಲ್ಲಿ ಅದೃಷ್ಟದ ಪಾಲಿದೆ. ಒಂದೇ ಪ್ರಶ್ನೆಗೆ ನಾಲ್ಕೈದು ಸದಸ್ಯರ ಹೆಸರು ಸೇರಿ ಎಲ್ಲರ ಲೆಕ್ಕಕ್ಕೂ ಒಂದೊಂದು ಜಮೆಯಾಗುವುದೂ ಉಂಟು. ಪ್ರಶ್ನೆಯೇ ಮಾರಾಟಕ್ಕಿದ್ದ ಕಾಲವನ್ನೂ ಈ ದೇಶ ಕಂಡಿದೆ. ಪ್ರಶ್ನೆ ಕೇಳಲು ಹಣ ಪಡೆದ ಆರೋಪದಲ್ಲಿ 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಉಚ್ಚಾಟಿಸಲಾಗಿತ್ತು. ಎಣಿಸುವುದಕ್ಕಿಂತ ಓದುವುದು ಮುಖ್ಯ ಎನ್ನುವುದು ಇದಕ್ಕೇ.

ಓದುತ್ತಾ ಹೋದರೆ ಪ್ರಶ್ನೆಗಳಲ್ಲಿ ಎರಡು ಜಾತಿ ಕಾಣುತ್ತವೆ. ಒಂದು, ‘ಸರ್ಕಾರ ಇಂಥ ಯೋಜನೆ ಜಾರಿಗೊಳಿಸುತ್ತಿದೆಯೇ? ಹಾಗಿದ್ದಲ್ಲಿ ವಿವರ ನೀಡುವುದು’. ಇದಕ್ಕೆ ಉತ್ತರವಾಗಿ ಯೋಜನೆಯ ಪ್ರಚಾರ ಪತ್ರವೇ ಬರುತ್ತದೆ. ಇನ್ನೊಂದು, ‘ಇಂಥ ಇಲಾಖೆಯಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಎಷ್ಟು ವರ್ಷದಿಂದ ಖಾಲಿ, ಯಾವಾಗ ತುಂಬುತ್ತೀರಿ?’ ಇದಕ್ಕೆ ಸಂಖ್ಯೆಯಲ್ಲೇ ಉತ್ತರ ಕೊಡಬೇಕು. ಮೊದಲ ಜಾತಿಯ ನೂರು ಪ್ರಶ್ನೆಗಿಂತ ಎರಡನೆಯ ಜಾತಿಯ ಹತ್ತು ಪ್ರಶ್ನೆ ಮೇಲು ಎಂದು ನನ್ನ ಲೆಕ್ಕ.

ಕೆಲಸ ಹುಡುಕುವವರಿಗೆ ಇದರಲ್ಲಿ ನೇರ ಲಾಭವೂ ಇದೆ. ನಮ್ಮ ಹಾಸ್ಟೆಲಿನ ಸೀನಿಯರ್ ಒಬ್ಬರು ರೈಲ್ವೆ ಪರೀಕ್ಷೆಗೆ ಓದುತ್ತಿದ್ದಾರೆ. ‘ಈ ಸಲ ಬಂಪರ್ ಪೋಸ್ಟ್ ಬರುತ್ತವಂತೆ’ ಎಂಬ ಯೂಟ್ಯೂಬ್ ಮಾತು ನಂಬಿ ಬೇರೆ ಅರ್ಜಿಗಳನ್ನೇ ಹಾಕದೆ ಕೂತಿದ್ದರು. ಇಬ್ಬರೂ ಕೂತು ಸಂಸತ್ತಿನ ಉತ್ತರಗಳನ್ನು ಹುಡುಕಿದೆವು. ಖಾಲಿ ಹುದ್ದೆ, ನೇಮಕಾತಿಯ ಹಂತ ಎಲ್ಲವೂ ಸಚಿವಾಲಯದ ಉತ್ತರದಲ್ಲೇ ಇದ್ದವು. ಓದಿದ ಮೇಲೆ ಅವರು ಹೇಳಿದ್ದು ಒಂದೇ ಮಾತು: ‘ಇದನ್ನು ಕೇಳಿದವರು ಬೇರೆ ರಾಜ್ಯದ ಸಂಸದರಲ್ಲೋ ಮಾರಾಯ. ನಮ್ಮವರು ಯಾಕೆ ಕೇಳಲಿಲ್ಲ?’

ಈ ಪ್ರಶ್ನೆಯೇ ಟ್ರ್ಯಾಕಿಂಗ್‌ನ ಅಸಲಿ ಫಲ ಎಂದು ನನಗನ್ನಿಸುತ್ತದೆ.

ಶುರು ಮಾಡುವುದು ಹೇಗೆ?

‘ಡಿಜಿಟಲ್ ಸಂಸದ್’ ಜಾಲತಾಣದಲ್ಲಿ ಸದಸ್ಯರ ಹೆಸರು ಹಾಕಿದರೆ ಅವರ ಪ್ರಶ್ನೆ, ಉತ್ತರಗಳ ಪಿಡಿಎಫ್ ಸಿಗುತ್ತವೆ. ದಿನಾಂಕ, ಸಚಿವಾಲಯ, ವಿಷಯ, ನಮ್ಮ ಜಿಲ್ಲೆಗೆ ಸಂಬಂಧಿಸಿದ್ದೇ, ಉತ್ತರದಲ್ಲಿ ಸಂಖ್ಯೆ ಇದೆಯೇ – ಈ ಐದು ಕಾಲಂ ಇರುವ ಒಂದು ಶೀಟ್ ಮಾಡಿ. ಒಬ್ಬರೇ ಮಾಡಿದರೆ ಬೇಸರ, ನಾಲ್ವರು ಗೆಳೆಯರು ಹಂಚಿಕೊಂಡರೆ ಎರಡು ಭಾನುವಾರದ ಕೆಲಸ.

‘ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದಿಡಲಾಗುವುದು’ ಎಂಬ ಉತ್ತರ ಕಂಡರೆ ಅದಕ್ಕೆ ಬಣ್ಣ ಹಚ್ಚಿ. ಅದು ಸದನಕ್ಕೆ ಕೊಟ್ಟ ಭರವಸೆ. ಮೂರು ತಿಂಗಳಲ್ಲಿ ಈಡೇರಿಸಬೇಕೆಂಬ ಕ್ರಮವಿದೆ, ನಿಗಾ ಇಡಲು ಭರವಸೆಗಳ ಸಮಿತಿಯೇ ಇದೆ. ಸಂಸದರು ಯಾವ ಸ್ಥಾಯಿ ಸಮಿತಿಯಲ್ಲಿದ್ದಾರೆ ಎಂದೂ ನೋಡಿ. ಇಲಾಖಾವಾರು ಸಮಿತಿಗಳು 24 ಇವೆ, ಅಲ್ಲಿ ಕ್ಯಾಮೆರಾ ಇಲ್ಲ. ಆದರೆ ವರದಿಯ ಕೊನೆಯಲ್ಲಿರುವ ನಡಾವಳಿಯಲ್ಲಿ ಯಾರು ಬಂದಿದ್ದರು ಎಂಬ ಪಟ್ಟಿ ಇರುತ್ತದೆ. ಟಿವಿಗೆ ಕಾಣದ ಕಡೆ ಕೆಲಸ ಮಾಡುವವರು ಅಲ್ಲಿ ಸಿಗುತ್ತಾರೆ.

ಖಾಸಗಿ ಮಸೂದೆಯ ಅಂಕಣದಲ್ಲಿ ‘ಪಾಸಾದದ್ದು 0’ ಎಂದಿದ್ದರೆ ನಗಬೇಡಿ. ಸ್ವಾತಂತ್ರ್ಯದ ನಂತರ ಕಾಯ್ದೆಯಾದ ಖಾಸಗಿ ಮಸೂದೆಗಳು 14 ಮಾತ್ರ, ಕೊನೆಯದು 1970ರಲ್ಲಿ. ಆದರೂ ತಮಿಳುನಾಡಿನ ತಿರುಚಿ ಶಿವ ಅವರ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಮಸೂದೆ 2015ರಲ್ಲಿ ರಾಜ್ಯಸಭೆಯ ಒಪ್ಪಿಗೆ ಪಡೆಯಿತು. ಅದು ಕಾಯ್ದೆಯಾಗಲಿಲ್ಲ. ಆದರೆ ವಿಷಯ ಸದನದಲ್ಲಿ ಉಳಿಯಿತು, 2019ರಲ್ಲಿ ಸರ್ಕಾರವೇ ಕಾಯ್ದೆ ತಂದಿತು. ಅದರ ಬಗ್ಗೆ ತಕರಾರುಗಳಿವೆ ಎಂಬುದು ಬೇರೆ ಮಾತು.

ಶಾಸಕರಿಗೂ ಇದೇ ಕ್ರಮ. ವಿಧಾನಸಭೆಯ ಪ್ರಶ್ನೋತ್ತರಗಳು ಜಾಲತಾಣದಲ್ಲಿ ಕನ್ನಡದಲ್ಲೇ ಇವೆ. ‘ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂಬ ಧಾಟಿಗೆ ಒಗ್ಗಿಕೊಂಡರೆ ಸಾಕು, ನಮ್ಮ ಊರಿನ ರಸ್ತೆ, ಹಾಸ್ಟೆಲ್, ಖಾಲಿ ಉಪನ್ಯಾಸಕರ ಹುದ್ದೆ ಎಲ್ಲ ಅದರೊಳಗೆ ಕಾಣುತ್ತವೆ.

ಸಂಸದರ ಕಚೇರಿಗೂ ಇಮೇಲ್ ವಿಳಾಸವಿದೆ. ಪ್ರಶ್ನೆಯ ನೋಟಿಸನ್ನು ಕನಿಷ್ಠ 15 ದಿನ ಮುಂಚೆ ಕೊಡಬೇಕಾದ್ದರಿಂದ, ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ಬರೆಯಬೇಕು. ನಾವು ನಾಲ್ವರು ಗೆಳೆಯರು ಸೇರಿ ನಮ್ಮ ಜಿಲ್ಲೆಯ ಕೇಂದ್ರ ಸರ್ಕಾರಿ ಕಚೇರಿಗಳಲ್ಲಿ ಖಾಲಿ ಇರುವ ಹುದ್ದೆಗಳ ಬಗ್ಗೆ ಒಂದು ಪ್ರಶ್ನೆ ಬರೆದಿಟ್ಟಿದ್ದೇವೆ, ಮುಂದಿನ ಅಧಿವೇಶನಕ್ಕೆ ಕಳಿಸುತ್ತೇವೆ. ಅವರು ಕೇಳಿದರೆ ಉತ್ತರ ನಮ್ಮ ಶೀಟಿಗೆ ಸೇರುತ್ತದೆ. ಕೇಳದಿದ್ದರೆ ಅದನ್ನೂ ಬರೆದಿಡುತ್ತೇವೆ. 2029ಕ್ಕೆ ಮತ ಕೇಳಲು ಬಂದಾಗ ಮಾತಾಡಲು ಒಂದು ವಿಷಯ ಇರಬೇಕಲ್ಲ!